ನಕ್ಷೆಯನ್ನು ತಿರುಗಿಸಿ ಹಿಡಿದ ಪತ್ರಿಕೆ

1986ರ ನವೆಂಬರ್ 16 ಮತ್ತು 17ರಂದು ಬೆಂಗಳೂರಿನಲ್ಲಿ ದಕ್ಷಿಣ ಏಷ್ಯಾ ದೇಶಗಳ ಕೂಟವಾದ ಸಾರ್ಕ್‌ನ ಎರಡನೆಯ ಶೃಂಗಸಭೆ ನಡೆಯಿತು. ಸಾರ್ಕ್ ಹುಟ್ಟಿ ಆಗಿನ್ನೂ ಒಂದು ವರ್ಷ ತುಂಬಿರಲಿಲ್ಲ. ರಾಜೀವ್ ಗಾಂಧಿ ಆತಿಥೇಯರು. ನೇಪಾಳದ ದೊರೆ ಬೀರೇಂದ್ರ, ಭೂತಾನದ ದೊರೆ ಜಿಗ್ಮೆ ಸಿಂಗ್ಯೆ ವಾಂಗ್‌ಚುಕ್, ಶ್ರೀಲಂಕಾದ ಜಯವರ್ಧನೆ, ಬಾಂಗ್ಲಾದೇಶದ ಎರ್ಷಾದ್, ಮಾಲ್ಡೀವ್ಸಿನ ಗಯೂಮ್, ಪಾಕಿಸ್ತಾನದ ಪ್ರಧಾನಿ ಜುನೇಜೊ ಬಂದಿದ್ದರು. ನಾಯಕರು ನಂದಿಬೆಟ್ಟವನ್ನೂ ಹತ್ತಿ ಇಳಿದರು. ಸಂಘಟನೆಗೆ ಕಠ್ಮಂಡುವಿನಲ್ಲಿ ಒಂದು ಕಾಯಂ ಕಚೇರಿ ಇರಬೇಕೆಂಬ ಒಪ್ಪಂದಕ್ಕೆ ವಿದೇಶಾಂಗ ಸಚಿವರು ಸಹಿ ಹಾಕಿದ್ದು ಇಲ್ಲಿಯೇ.

ಅದೇ ದಿನಗಳಲ್ಲಿ ಬೆಂಗಳೂರಿನಲ್ಲಿ ಇನ್ನೊಂದು ಮಾತುಕತೆಯೂ ನಡೆದಿತ್ತು. ಎಲ್‌ಟಿಟಿಇ ನಾಯಕ ಪ್ರಭಾಕರನ್‌ನನ್ನು ಮದ್ರಾಸಿನಿಂದ ವಿಮಾನದಲ್ಲಿ ಕರೆತಂದು, ಲಂಕಾ ತಮಿಳರ ಸಮಸ್ಯೆಗೆ ಪರಿಹಾರವೊಂದನ್ನು ಒಪ್ಪಿಸಲು ಭಾರತದ ಅಧಿಕಾರಿಗಳು ಹೆಣಗುತ್ತಿದ್ದರು. ತಮಿಳುನಾಡಿನ ಮುಖ್ಯಮಂತ್ರಿ ಎಂ.ಜಿ. ರಾಮಚಂದ್ರನ್ ಅವರನ್ನೂ ಕರೆಸಲಾಗಿತ್ತು. ಪ್ರಭಾಕರನ್ ಒಪ್ಪಲಿಲ್ಲ. ಇಡೀ ಪ್ರದೇಶದ ಆ ಹೊತ್ತಿನ ಅತಿ ದೊಡ್ಡ ಗಾಯದ ಬಗ್ಗೆ ಒಳಕೋಣೆಯಲ್ಲಿ ಚರ್ಚೆ ನಡೆಯುತ್ತಿದ್ದಾಗ ಹಜಾರದ ಕಲಾಪಪಟ್ಟಿಯಲ್ಲಿ ಅದಕ್ಕೆ ಜಾಗವಿರಲಿಲ್ಲ. ಇರುವಂತೆಯೂ ಇರಲಿಲ್ಲ. ಎರಡು ದೇಶಗಳ ನಡುವಿನ ವಿಷಯಗಳನ್ನೂ ವಿವಾದದ ವಿಷಯಗಳನ್ನೂ ಇಲ್ಲಿ ಎತ್ತಕೂಡದು ಎಂದು ಸಾರ್ಕ್‌ನ ಸನ್ನದಿನಲ್ಲೇ ಬರೆದಿದೆ. ಮನೆಯವರೆಲ್ಲ ಒಟ್ಟಿಗೆ ಊಟಕ್ಕೆ ಕೂರಬೇಕು, ಜಮೀನಿನ ಮಾತು ಮಾತ್ರ ಆಡಕೂಡದು ಎಂಬ ಕರಾರಿನ ಹಾಗೆ.

1987ರ ಜನವರಿ 16ರಂದು ಕಠ್ಮಂಡುವಿನಲ್ಲಿ ಸಾರ್ಕ್ ಕಚೇರಿ ಬಾಗಿಲು ತೆರೆಯಿತು. ಅದೇ ವರ್ಷ ಒಂದು ಸಣ್ಣ ಪತ್ರಿಕೆಯೂ ಹುಟ್ಟಿತು. ಅದರ ಹೆಸರು ‘ಹಿಮಾಲ್’. ಕಚೇರಿಗೆ ಏಳು ಸರ್ಕಾರಗಳ ಬೆಂಬಲವಿತ್ತು. ಪತ್ರಿಕೆಗೆ ಯಾವ ಸರ್ಕಾರವೂ ಇರಲಿಲ್ಲ. ಸಾರ್ಕ್ ಯಾವುದನ್ನು ಆಡಕೂಡದೆಂದು ಬರೆದುಕೊಂಡಿತ್ತೋ ಅದನ್ನೇ ಆಡುವುದು ಈ ಪತ್ರಿಕೆಯ ಕಸುಬಾಯಿತು.

ನ್ಯೂಯಾರ್ಕಿನ ನೌಕರ, ಹಿಮಾಲಯದ ಪತ್ರಿಕೆ

ಹಿಮಾಲ್ ಸ್ಥಾಪಿಸಿದವರು ಕನಕಮಣಿ ದೀಕ್ಷಿತ್. 1956ರಲ್ಲಿ ಹುಟ್ಟಿದವರು. ದೆಹಲಿಯಲ್ಲಿ ಕಾನೂನು ಓದಿ, ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಪತ್ರಿಕೋದ್ಯಮ ಮತ್ತು ಅಂತರರಾಷ್ಟ್ರೀಯ ವ್ಯವಹಾರಗಳನ್ನು ಕಲಿತು, ವಿಶ್ವಸಂಸ್ಥೆಯ ಕೇಂದ್ರ ಕಚೇರಿಯಲ್ಲಿ ಕೆಲಸಕ್ಕೆ ಸೇರಿದ್ದರು. ನಮ್ಮ ಕಡೆಯ ಯಾರೇ ಆಗಲಿ ಅಲ್ಲಿಗೆ ತಲುಪಿದರೆ ‘ಸೆಟ್ಲ್ ಆದ’ ಎನ್ನುವಂಥ ಕೆಲಸ. ಆ ಕೆಲಸದಲ್ಲಿದ್ದುಕೊಂಡೇ ಅವರು ಪತ್ರಿಕೆಯ ಮೊದಲ ಸಂಚಿಕೆಗಳನ್ನು ಹೊರತಂದರು. 1990ರಲ್ಲಿ ಕೆಲಸ ಬಿಟ್ಟು ಕಠ್ಮಂಡುವಿಗೆ ಮರಳಿದರು.

ಶುರುವಿಗೆ ಅದು ಎರಡು ತಿಂಗಳಿಗೊಮ್ಮೆ ಬರುವ ಇಂಗ್ಲಿಷ್ ಪತ್ರಿಕೆ. ಹಿಮಾಲ್ ಎಂದರೆ ನೇಪಾಳಿಯಲ್ಲಿ ಹಿಮ ಹೊದ್ದ ಪರ್ವತ. ಹೆಸರಿಗೆ ತಕ್ಕಂತೆ ಅದರ ವ್ಯಾಪ್ತಿಯೂ ಹಿಮಾಲಯವೇ. ಆದರೆ ಪರ್ವತವೆಂದ ಕೂಡಲೇ ಶಿಖರ, ಸನ್ಯಾಸಿ, ಚಾರಣ ಎಂದು ಹೋಗುವ ಜಾಡನ್ನು ಅದು ಹಿಡಿಯಲಿಲ್ಲ. ಬೆಟ್ಟದ ರೈತ ಮರ ಕಡಿದದ್ದರಿಂದಲೇ ಬಾಂಗ್ಲಾದೇಶದಲ್ಲಿ ನೆರೆ ಬರುತ್ತದೆ ಎಂಬ ನಂಬಿಕೆ ಆಗ ಬಲವಾಗಿತ್ತು. 1987 ಮತ್ತು 1988ರಲ್ಲಿ ಬಾಂಗ್ಲಾದೇಶ ಮುಳುಗಿದಾಗ ಎಲ್ಲರ ಬೆರಳೂ ನೇಪಾಳದ ಗುಡ್ಡಗಳತ್ತ ತಿರುಗಿತ್ತು. ಆ ಲೆಕ್ಕ ಅಷ್ಟು ಸರಳವಲ್ಲ ಎಂದು ವಿಜ್ಞಾನಿಗಳೇ ಹೇಳತೊಡಗಿದ್ದರು. ಇಂಥ ವಾದಗಳು, ಅಭಿವೃದ್ಧಿಯ ಹೆಸರಿನಲ್ಲಿ ಹರಿದುಬರುವ ವಿದೇಶಿ ಹಣ, ದೊಡ್ಡ ಅಣೆಕಟ್ಟುಗಳ ಕನಸು, ಗಡಿಗಳನ್ನು ಲೆಕ್ಕಿಸದ ಬೆಟ್ಟದ ಜನರ ಬದುಕು ಎಲ್ಲವೂ ಪತ್ರಿಕೆಗೆ ವಸ್ತುವಾದವು.

ನೇಪಾಳದಲ್ಲಿ ಆಗ ಪಂಚಾಯತ್ ವ್ಯವಸ್ಥೆಯಿತ್ತು. ನಮ್ಮ ಗ್ರಾಮ ಪಂಚಾಯಿತಿಗೂ ಅದಕ್ಕೂ ಸಂಬಂಧವಿಲ್ಲ. 1960ರಲ್ಲಿ ದೊರೆ ಮಹೇಂದ್ರ ಚುನಾಯಿತ ಸರ್ಕಾರವನ್ನು ಕಿತ್ತುಹಾಕಿ, ಆ ಬಳಿಕ ಪಕ್ಷಗಳನ್ನು ನಿಷೇಧಿಸಿ ತಂದ ಅರಸೊತ್ತಿಗೆಯ ಆಡಳಿತವದು. ಪತ್ರಿಕೆಗಳು ಅರಮನೆಯ ಬಗ್ಗೆ ಬರೆಯುವಂತಿರಲಿಲ್ಲ. 1990ರ ಜನಾಂದೋಲನ ಆ ವ್ಯವಸ್ಥೆಯನ್ನು ಉರುಳಿಸಿತು. ಪಕ್ಷಗಳು ಬಂದವು, ಪತ್ರಿಕೆಗಳು ಚಿಗುರಿದವು. ದೀಕ್ಷಿತ್ ಮರಳಿದ್ದು ಈ ಹೊಸ ಗಾಳಿಗೆ.

ಸಾರ್ಕ್‌ಗೆ ಕಾಣದ ಲಕ್ಷ ಜನ

ಆ ಹೊತ್ತಿಗೆ ಪೂರ್ವ ನೇಪಾಳದ ಝಾಪಾ ಜಿಲ್ಲೆಗೆ ಲಾರಿಗಳಲ್ಲಿ ಜನ ಬಂದಿಳಿಯತೊಡಗಿದರು. ಅವರು ಭೂತಾನದವರು. ದಕ್ಷಿಣ ಭೂತಾನದ ತಪ್ಪಲಿನಲ್ಲಿ ತಲೆಮಾರುಗಳಿಂದ ಏಲಕ್ಕಿ, ಕಿತ್ತಳೆ ಬೆಳೆದುಕೊಂಡಿದ್ದ, ನೇಪಾಳಿ ಮಾತಾಡುವ ರೈತರು. 1985ರಲ್ಲಿ ಭೂತಾನ ಪೌರತ್ವ ಕಾಯ್ದೆಯನ್ನು ಬಿಗಿಗೊಳಿಸಿತು. 1988ರ ಜನಗಣತಿಯಲ್ಲಿ ಇವರ ಪೌರತ್ವವನ್ನು ಹೊಸದಾಗಿ ತೂಗಿ ನೋಡಲಾಯಿತು. ಮುಂದಿನ ವರ್ಷ ಉತ್ತರದವರ ಉಡುಗೆ ಎಲ್ಲರಿಗೂ ಕಡ್ಡಾಯವಾಯಿತು. ಶಾಲೆಗಳಲ್ಲಿ ನೇಪಾಳಿ ಪಾಠ ನಿಂತಿತು. 1990ರಲ್ಲಿ ಪ್ರತಿಭಟನೆಗಳು ನಡೆದವು. ದಮನ ಶುರುವಾಯಿತು. ಜನ ಓಡಿಬಂದರು.

ಭೂತಾನಕ್ಕೂ ನೇಪಾಳಕ್ಕೂ ಗಡಿಯೇ ಇಲ್ಲ. ನಡುವೆ ಇರುವುದು ಭಾರತ. ನಿರಾಶ್ರಿತರು ಭಾರತದ ನೆಲ ದಾಟಿಯೇ ನೇಪಾಳ ತಲುಪಬೇಕಿತ್ತು, ತಲುಪಿದರು. ಆದರೂ ಇದು ನೇಪಾಳ ಮತ್ತು ಭೂತಾನ ಎರಡೇ ದೇಶಗಳ ವಿಷಯ ಎಂದು ಭಾರತ ದೂರ ನಿಂತಿತು. ಹಾಗಾಗಿ ಸಾರ್ಕ್ ಕೂಡ ಬಾಯಿ ತೆರೆಯುವಂತಿರಲಿಲ್ಲ. ಝಾಪಾ ಮತ್ತು ಮೊರಂಗ್ ಜಿಲ್ಲೆಗಳ ಶಿಬಿರಗಳಲ್ಲಿ ಬಿದಿರಿನ ಗುಡಿಸಲುಗಳು ಸಾಲುಗಟ್ಟಿದವು. ಸಂಖ್ಯೆ ಒಂದು ಲಕ್ಷ ಮುಟ್ಟಿತು. ಸಾರ್ಕ್ ಸಚಿವಾಲಯ ಇದ್ದದ್ದು ಇದೇ ನೇಪಾಳದಲ್ಲಿ.

1992ರಲ್ಲಿ ಹಿಮಾಲ್ ಭೂತಾನದ ಈ ಬಿಕ್ಕಟ್ಟನ್ನು ಮುಖಪುಟಕ್ಕೆ ತಂದಿತು. ದೀಕ್ಷಿತ್ ಅವರೇ ಬರೆದ ಆ ಲೇಖನ ಭೂತಾನ ತನ್ನ ಬಾಲವನ್ನು ತಾನೇ ಕಚ್ಚಿಕೊಳ್ಳುತ್ತಿದೆ ಎಂದಿತು. ಒಂದು ಪ್ರದೇಶವನ್ನು ಪ್ರದೇಶವೆಂದೇ ನೋಡುವ ಪತ್ರಿಕೆ ಏಕೆ ಬೇಕು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ. ನೇಪಾಳದ ಪತ್ರಿಕೆಗೆ ಅದು ನಿರಾಶ್ರಿತರ ಸುದ್ದಿ, ಭಾರತದ ಪತ್ರಿಕೆಗೆ ಒಳಪುಟದ ಎರಡು ಸಾಲು, ಭೂತಾನದ ಪತ್ರಿಕೆಗೆ ಭದ್ರತೆಯ ವಿಷಯ. ಮೂರನ್ನೂ ಜೋಡಿಸಿ ಓದಿದರೆ ಮಾತ್ರ ಅದು ಒಂದು ಕತೆ.

ಆ ಕತೆ ಮುಗಿದದ್ದೂ ವಿಚಿತ್ರವಾಗಿ. ನೇಪಾಳ ಮತ್ತು ಭೂತಾನ ಹತ್ತಾರು ಸುತ್ತು ಮಾತಾಡಿದರೂ ಶಿಬಿರಗಳಿಂದ ಜನ ತಮ್ಮ ಹೊಲಗಳಿಗೆ ಮರಳಲಿಲ್ಲ. 2007ರ ಕೊನೆಯಿಂದ ಅವರನ್ನು ಬೇರೆ ದೇಶಗಳಿಗೆ ಕಳಿಸುವ ಕೆಲಸ ಶುರುವಾಯಿತು. ಒಂದು ಲಕ್ಷಕ್ಕೂ ಹೆಚ್ಚು ಮಂದಿ ಹೋದರು, ಅವರಲ್ಲಿ ಬಹುಪಾಲು ಅಮೆರಿಕಕ್ಕೆ. ದಕ್ಷಿಣ ಏಷ್ಯಾದ ಜಗಳವನ್ನು ಬಗೆಹರಿಸಲು ದಕ್ಷಿಣ ಏಷ್ಯಾದಲ್ಲಿ ಜಾಗ ಸಿಗಲಿಲ್ಲ.

ಸಂಧಿ ಮತ್ತು ನಕ್ಷೆ

1996ರಲ್ಲಿ ಹಿಮಾಲ್ ಬೆಟ್ಟದಿಂದ ಕೆಳಗಿಳಿಯಿತು. ಹಿಮಾಲಯದ ಪತ್ರಿಕೆಯಾಗಿದ್ದುದು ಇಡೀ ದಕ್ಷಿಣ ಏಷ್ಯಾದ ಪತ್ರಿಕೆಯಾಯಿತು. ತನ್ನ ಎಲ್ಲೆಯನ್ನು ಅದು ಸಾರ್ಕ್ ಸದಸ್ಯರ ಪಟ್ಟಿ ನೋಡಿ ಗುರುತಿಸಲಿಲ್ಲ. ಅಫ್ಘಾನಿಸ್ತಾನ ಸಾರ್ಕ್ ಸೇರಿದ್ದು 2007ರಲ್ಲಿ. ಬರ್ಮಾ ಇಂದಿಗೂ ಸದಸ್ಯನಲ್ಲ. ಟಿಬೆಟಿನ ಮಾತನ್ನು ಸಾರ್ಕ್‌ನಲ್ಲಿ ಯಾವ ಸರ್ಕಾರವೂ ಎತ್ತುವುದಿಲ್ಲ. ಹಿಮಾಲ್ ಪಾಲಿಗೆ ಪೂರ್ವ–ಪಶ್ಚಿಮ ಬರ್ಮಾದಿಂದ ಅಫ್ಘಾನಿಸ್ತಾನದವರೆಗೆ, ಉತ್ತರ–ದಕ್ಷಿಣ ಟಿಬೆಟಿನಿಂದ ಮಾಲ್ಡೀವ್ಸ್‌ವರೆಗೆ ಎಲ್ಲವೂ ಒಂದೇ ಬಯಲು. ಬೈಲುಕುಪ್ಪೆಯ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಕನ್ನಡದಲ್ಲಿ ಚೌಕಾಸಿ ಮಾಡುವ ಟಿಬೆಟಿನ ಅಜ್ಜಿಯನ್ನು ನೋಡಿದವರಿಗೆ ಈ ಎಲ್ಲೆ ಅತಿಯೆನಿಸುವುದಿಲ್ಲ.

ಪತ್ರಿಕೆ ತನ್ನ ಹೆಸರಿನಲ್ಲೇ ಒಂದು ಹಟ ಮಾಡಿತು. ‘ಸೌತ್’ ಮತ್ತು ‘ಏಷಿಯನ್’ ಎಂಬ ಎರಡು ಪದಗಳ ನಡುವಿನ ಜಾಗ ತೆಗೆದು ಒಂದೇ ಪದವಾಗಿ ಬರೆಯತೊಡಗಿತು. ದಿಕ್ಕನ್ನು ಹೇಳುವ ವಿಶೇಷಣದಂತೆ ಕಾಣುವ ಪದವನ್ನು ಊರಿನ ಹೆಸರಿನಂತೆ ಕಾಣಿಸುವುದು ಉದ್ದೇಶ. ದೇಶಗಳನ್ನು ಅಳಿಸುವ ಮಾತಿಲ್ಲ, ಶತಮಾನಗಳಿಂದ ಜನ ಕೂಡಿ ಬಾಳಿದ ಜಾಗಕ್ಕೆ ಒಂದು ಹೆಸರು ಇರಲಿ ಎಂಬುದಷ್ಟೇ ಅದರ ವಾದ. ಕನ್ನಡಿಗರಿಗೆ ಇದನ್ನು ವಿವರಿಸುವುದು ಸುಲಭ. ಇಂಗ್ಲಿಷಿನವರು ಎರಡು ಪದಗಳ ನಡುವಿನ ಖಾಲಿ ಜಾಗ ಅಳಿಸಿದರೆ ನಾವು ‘ದಕ್ಷಿಣೇಷ್ಯಾ’ ಎಂದು ಸಂಧಿ ಮಾಡುತ್ತೇವೆ. ಲೋಪವಾಗುವುದು ಒಂದು ಸ್ವರ ಮಾತ್ರ. ಎರಡೂ ಪದಗಳ ಅರ್ಥ ಹಾಗೆಯೇ ಉಳಿಯುತ್ತದೆ.

ಇನ್ನೊಂದು ಹಟ ನಕ್ಷೆಯದು. ಕಲಾವಿದ ಸುಭಾಸ್ ರಾಯ್ ಪತ್ರಿಕೆಗಾಗಿ ಬರೆದ ದಕ್ಷಿಣ ಏಷ್ಯಾದ ನಕ್ಷೆಯನ್ನು ಮೊದಲ ಸಲ ನೋಡಿದವರು ಹಾಳೆ ತಿರುಗಿಸುತ್ತಾರೆ. ನೆತ್ತಿಯ ಮೇಲೆ ಶ್ರೀಲಂಕಾ. ಅದರ ಕೆಳಗೆ ಕನ್ಯಾಕುಮಾರಿ. ಕೆಳಗಿಳಿಯುತ್ತ ದಖನ್, ವಿಂಧ್ಯ, ಗಂಗೆಯ ಬಯಲು. ತೀರಾ ಬುಡದಲ್ಲಿ ಹಿಮಾಲಯ, ಅದರಾಚೆ ಟಿಬೆಟ್. ಬಂಗಾಳ ಎಡಕ್ಕೆ, ಪಾಕಿಸ್ತಾನ ಬಲಕ್ಕೆ. ಮಂಗಳೂರು ಬಲದಂಡೆಯಲ್ಲಿ, ಚೆನ್ನೈ ಎಡದಂಡೆಯಲ್ಲಿ. ದೆಹಲಿಯನ್ನು ಕೆಳಗೆ ಹುಡುಕಬೇಕು. ಇದು ತಲೆಕೆಳಗಾದ ನಕ್ಷೆ ಎಂದರೆ ಪತ್ರಿಕೆಯವರು ಒಪ್ಪುವುದಿಲ್ಲ, ಸರಿಯಾಗಿ ನಿಂತ ನಕ್ಷೆಯೇ ಇದು ಎನ್ನುತ್ತಾರೆ. ಭೂಮಿಗೆ ಮೇಲೆ ಕೆಳಗೆ ಎಂಬುದು ಇಲ್ಲವಲ್ಲ, ಉತ್ತರವನ್ನು ಮೇಲಿಟ್ಟದ್ದು ನಕ್ಷೆ ಮಾಡಿದವರ ರೂಢಿ.

ಶಾಲೆಯಲ್ಲಿ ನಾವೆಲ್ಲ ಕಲಿತ ಭಾರತದ ನಕ್ಷೆಯಲ್ಲಿ ಶ್ರೀಲಂಕಾ ಎಂದರೆ ಮೂಲೆಯಲ್ಲಿ ಉದುರಿದ ಒಂದು ಹನಿ. ಇಲ್ಲಿ ಅದು ಕಿರೀಟದ ಹರಳು. ಈ ನಕ್ಷೆಯ ಮುಂದೆ ಐದು ನಿಮಿಷ ಕುಳಿತರೆ, ಬೆಂಗಳೂರಿನಿಂದ ಕೊಲಂಬೊಗೆ ಆಕಾಶದಲ್ಲಿ ಸುಮಾರು 700 ಕಿಲೋಮೀಟರ್, ದೆಹಲಿಗೆ ಅದರ ಎರಡು ಪಟ್ಟಿಗೂ ಹೆಚ್ಚು ಎಂಬುದು ತಾನಾಗಿ ಹೊಳೆಯುತ್ತದೆ. ದಕ್ಷಿಣ ಏಷ್ಯಾ ಎಂದರೆ ಬರೀ ರಾಜಧಾನಿಗಳಲ್ಲ ಎಂಬುದು ದೀಕ್ಷಿತ್ ಬಹುಕಾಲದಿಂದ ಹೇಳಿಕೊಂಡು ಬಂದ ಮಾತು. ಪಂಜಾಬಿಗೆ ಆಚೆಯ ಪಂಜಾಬು ಹತ್ತಿರ, ಪಶ್ಚಿಮ ಬಂಗಾಳಕ್ಕೆ ಬಾಂಗ್ಲಾದೇಶ, ತಮಿಳುನಾಡಿಗೆ ಜಾಫ್ನಾ, ಬಿಹಾರಕ್ಕೆ ನೇಪಾಳದ ತರಾಯಿ. ದೇಶಗಳ ಜೊತೆಗೆ ಪ್ರಾಂತಗಳೂ ನೆರೆಹೊರೆಯಾಗಬೇಕು ಎಂಬುದು ಆ ನೋಟ.

1997ರಲ್ಲಿ ಹಿಮಾಲ್ ಬಳಗ ಕಠ್ಮಂಡುವಿನಲ್ಲಿ ‘ಫಿಲ್ಮ್ ಸೌತ್ ಏಷ್ಯಾ’ ಎಂಬ ಸಾಕ್ಷ್ಯಚಿತ್ರೋತ್ಸವವನ್ನು ಆರಂಭಿಸಿತು. ಎರಡು ವರ್ಷಕ್ಕೊಮ್ಮೆ ನಡೆಯುವ ಹಬ್ಬವದು. ಭಾರತೀಯರಿಗೆ ನೇಪಾಳಕ್ಕೆ ವೀಸಾ ಬೇಡ. ಪಾಕಿಸ್ತಾನದವರಿಗೆ ದೆಹಲಿಗಿಂತ ಕಠ್ಮಂಡು ಎಷ್ಟೋ ಸುಲಭ. ಹಾಗಾಗಿ ಲಾಹೋರಿನವರೂ ಮುಂಬೈನವರೂ ಒಂದೇ ಸಾಲಿನಲ್ಲಿ ಕುಳಿತು ಒಬ್ಬರು ಮಾಡಿದ ಸಿನಿಮಾವನ್ನು ಇನ್ನೊಬ್ಬರು ನೋಡಲು ಅದು ತಕ್ಕ ಊರಾಯಿತು.

ಕಾಗದಕ್ಕೆ ಕಸ್ಟಮ್ಸ್ ಕಟ್ಟೆ

ಇಷ್ಟೆಲ್ಲ ಆದರೂ ಪ್ರದೇಶಕ್ಕೊಂದು ಪತ್ರಿಕೆ ನಡೆಸುವುದು ಲೆಕ್ಕಕ್ಕೆ ಕೂರುವ ವ್ಯವಹಾರವಲ್ಲ. ಪತ್ರಿಕೆ ಬದುಕುವುದು ಜಾಹೀರಾತಿನಿಂದ. ಕಠ್ಮಂಡುವಿನ ಬ್ಯಾಂಕಿಗೆ ಕರಾಚಿಯ ಓದುಗನಿಂದ ಲಾಭವಿಲ್ಲ. ಚೆನ್ನೈನ ಸೀರೆ ಅಂಗಡಿಗೆ ಢಾಕಾದ ಗಿರಾಕಿ ಬೇಕಿಲ್ಲ. ಓದುಗರು ಎಂಟು ದೇಶಗಳಲ್ಲಿ ಚದುರಿಹೋಗಿದ್ದಾಗ ಜಾಹೀರಾತುದಾರ ಯಾರು? ಮುದ್ರಿಸಿದ ಪ್ರತಿಗಳು ಪ್ರತಿ ಗಡಿಯಲ್ಲೂ ಕಸ್ಟಮ್ಸ್ ದಾಟಬೇಕು. ಚಂದಾ ಹಣ ಎಂಟು ನಾಣ್ಯಗಳಲ್ಲಿ ಬರಬೇಕು. ಲೇಖಕರಿಗೆ ಸಂಭಾವನೆ ಎಂಟು ಬ್ಯಾಂಕುಗಳ ಮೂಲಕ ಹೋಗಬೇಕು. ಹಾಗಾಗಿ ಹಿಮಾಲ್ ಲಾಭಕ್ಕಲ್ಲದ ಒಂದು ಟ್ರಸ್ಟಿನ ಆಶ್ರಯದಲ್ಲಿ, ದಾನಿ ಸಂಸ್ಥೆಗಳ ಅನುದಾನದ ಬೆಂಬಲದಿಂದ ನಡೆಯಿತು. ಈ ಅನುದಾನವೇ ಮುಂದೆ ಅದರ ಕುತ್ತಿಗೆಗೆ ಬಂತು.

ಪ್ರದೇಶದ ಒಳಗಿನ ಸುದ್ದಿ ಎಷ್ಟು ಬರಡಾಗಿದೆಯೆಂಬುದಕ್ಕೆ ಒಂದೇ ಸಂಗತಿ ಸಾಕು. ಭಾರತ ಮತ್ತು ಪಾಕಿಸ್ತಾನ ಪರಸ್ಪರರ ರಾಜಧಾನಿಯಲ್ಲಿ ಇಬ್ಬಿಬ್ಬರು ವರದಿಗಾರರನ್ನು ಇಟ್ಟುಕೊಳ್ಳುವ ಒಂದು ಏರ್ಪಾಡಿತ್ತು. ನೂರು ಕೋಟಿಗೂ ಮೀರಿದ ಜನರಿಗೆ ಇಬ್ಬರು ವರದಿಗಾರರು. 2014ರ ಮೇ ತಿಂಗಳಲ್ಲಿ ಇಸ್ಲಾಮಾಬಾದಿನಲ್ಲಿದ್ದ ಆ ಇಬ್ಬರು ಭಾರತೀಯರಿಗೂ ಹೊರಡಲು ಹೇಳಲಾಯಿತು. ನ್ಯೂಯಾರ್ಕಿನ ಮೇಯರ್ ಚುನಾವಣೆಯ ವಿವರ ನಮ್ಮ ಮನೆಗೆ ಬೆಳಗಿನ ಕಾಫಿಯೊಡನೆ ತಲುಪುತ್ತದೆ, ಸಿಂಧ್ ಪ್ರಾಂತದ ಚುನಾವಣೆಯದು ತಲುಪುವುದಿಲ್ಲ.

ಕಾಲುಚೀಲದ ಸಂಪಾದಕೀಯ

ನೇಪಾಳದ ಹೊಸ ಗಾಳಿಯೂ ಬಹುಕಾಲ ಬೀಸಲಿಲ್ಲ. 1996ರಲ್ಲಿ ಮಾವೊವಾದಿಗಳ ಸಶಸ್ತ್ರ ಹೋರಾಟ ಶುರುವಾಯಿತು. 2001ರ ಜೂನ್ 1ರಂದು ಅರಮನೆಯೊಳಗೇ ದೊರೆ ಬೀರೇಂದ್ರ ಮತ್ತು ಕುಟುಂಬದವರ ಹತ್ಯೆಯಾಯಿತು. ತಮ್ಮ ಜ್ಞಾನೇಂದ್ರ ಪಟ್ಟಕ್ಕೆ ಬಂದರು. 2005ರ ಫೆಬ್ರುವರಿ 1ರಂದು ಅವರು ಸರ್ಕಾರವನ್ನು ವಜಾ ಮಾಡಿ ಅಧಿಕಾರವನ್ನೆಲ್ಲ ತಮ್ಮ ಕೈಗೆ ತೆಗೆದುಕೊಂಡರು. ಟೆಲಿಫೋನ್ ಸತ್ತಿತು, ಇಂಟರ್ನೆಟ್ ಸತ್ತಿತು. ಪತ್ರಿಕಾ ಕಚೇರಿಗಳಲ್ಲಿ ಸೈನಿಕರು ಬಂದು ಕುಳಿತು ಪುಟಗಳನ್ನು ಓದತೊಡಗಿದರು.

ಆ ದಿನಗಳಲ್ಲಿ ಕಠ್ಮಂಡುವಿನ ಒಂದು ದಿನಪತ್ರಿಕೆ ಕಾಲುಚೀಲಗಳ ಬಗ್ಗೆ ಸಂಪಾದಕೀಯ ಬರೆಯಿತು. ಶುಭ್ರವಾದ ಕಾಲುಚೀಲ ಸಮಾಜಕ್ಕೆ ಎಷ್ಟು ಮುಖ್ಯ ಎಂಬುದು ಅದರ ವಿಷಯ. ಓದುಗರಿಗೆ ಅರ್ಥವಾಯಿತು. ಪುಟದ ಮೇಲೆ ಬೂಟುಗಾಲು ಇದ್ದಾಗ ಕಾಲುಚೀಲಕ್ಕಿಂತ ಗಂಭೀರ ವಿಷಯ ಇನ್ನೇನಿದೆ!

2006ರ ಏಪ್ರಿಲಿನಲ್ಲಿ ಜನ ಮತ್ತೆ ಬೀದಿಗಿಳಿದರು. ಕರ್ಫ್ಯೂ ಮುರಿದು ಮೆರವಣಿಗೆ ಹೋದವರಲ್ಲಿ ದೀಕ್ಷಿತ್ ಕೂಡ ಇದ್ದರು, ಬಂಧನಕ್ಕೂ ಒಳಗಾದರು. ಆ ತಿಂಗಳ 24ರಂದು ದೊರೆ ಮಣಿದರು. ಎರಡು ವರ್ಷಗಳಲ್ಲಿ ನೇಪಾಳ ಗಣರಾಜ್ಯವಾಯಿತು. ಅರಸೊತ್ತಿಗೆಯ ಕಾಲದಲ್ಲಿ ಹುಟ್ಟಿ, ಅರಸನ ದಂಗೆಯನ್ನೂ ದಾಟಿ ಬಂದ ಪತ್ರಿಕೆ ನಿಂತದ್ದು ಗಣರಾಜ್ಯದಲ್ಲಿ.

ಕಡತ ಮುಂದೆ ಹೋಗಲಿಲ್ಲ

2013ರಲ್ಲಿ ಹಿಮಾಲ್ ಮೂರು ತಿಂಗಳಿಗೊಮ್ಮೆ ಬರುವ ದಪ್ಪ ಸಂಚಿಕೆಯಾಗಿ ಬದಲಾಗಿತ್ತು. ಸಂಪಾದಕಿ ಅನೋಹಿತಾ ಮಜುಂದಾರ್. ಅದೇ ವರ್ಷ ನೇಪಾಳದ ಭ್ರಷ್ಟಾಚಾರ ತಡೆ ಆಯೋಗದ ಮುಖ್ಯಸ್ಥರಾಗಿ ಲೋಕಮಾನ್ ಸಿಂಗ್ ಕಾರ್ಕಿ ನೇಮಕಗೊಂಡರು. ಜ್ಞಾನೇಂದ್ರರ ಆಳ್ವಿಕೆಯಲ್ಲಿ ಮುಖ್ಯ ಕಾರ್ಯದರ್ಶಿಯಾಗಿದ್ದವರು ಅವರು. ಈ ನೇಮಕವನ್ನು ಬಹಿರಂಗವಾಗಿ ವಿರೋಧಿಸಿದವರಲ್ಲಿ ದೀಕ್ಷಿತ್ ಮುಂಚೂಣಿಯಲ್ಲಿದ್ದರು.

ದೀಕ್ಷಿತ್ ಆಗ ‘ಸಾಝಾ ಯಾತಾಯಾತ್’ ಎಂಬ ಸಹಕಾರಿ ಬಸ್ ಸಂಸ್ಥೆಯ ಅಧ್ಯಕ್ಷರೂ ಹೌದು. ಮುಚ್ಚಿಹೋಗಿದ್ದ ಆ ಸಂಸ್ಥೆಯ ಹಸಿರು ಬಸ್ಸುಗಳು ಕಠ್ಮಂಡುವಿನಲ್ಲಿ ಮತ್ತೆ ಓಡತೊಡಗಿದ್ದವು. 2016ರ ಏಪ್ರಿಲ್ 22ರಂದು ಅಕ್ರಮ ಆಸ್ತಿಯ ಆರೋಪದ ಮೇಲೆ ಆಯೋಗ ಅವರನ್ನು ಬಂಧಿಸಿತು. ಬಂಧನದಲ್ಲಿ ಆರೋಗ್ಯ ಕೆಟ್ಟು ಅವರನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಹತ್ತು ದಿನಗಳ ಬಳಿಕ ಸುಪ್ರೀಂ ಕೋರ್ಟ್ ಬಿಡುಗಡೆಗೆ ಆದೇಶ ನೀಡಿತು.

ಪತ್ರಿಕೆಯ ಮೇಲೆ ಮಾತ್ರ ಯಾರೂ ಕೈ ಮಾಡಲಿಲ್ಲ. ಕಚೇರಿಗೆ ಬೀಗ ಬೀಳಲಿಲ್ಲ. ಯಾವ ಲೇಖನಕ್ಕೂ ತಡೆ ಬರಲಿಲ್ಲ. ಅನುದಾನದ ಹಣಕ್ಕೆ ಸರ್ಕಾರದ ಒಪ್ಪಿಗೆ ಬೇಕಿತ್ತು, ಆ ಕಡತ ಮುಂದೆ ಹೋಗಲಿಲ್ಲ. ನೇಪಾಳಿಯರಲ್ಲದ ಸಂಪಾದಕೀಯ ಸಿಬ್ಬಂದಿಗೆ ಕೆಲಸದ ಪರವಾನಗಿ ಬೇಕಿತ್ತು, ಅದು ಕೈಗೆಟುಕಲಿಲ್ಲ. ಹೊರದೇಶದ ಲೇಖಕರಿಗೆ ಸಂಭಾವನೆ ಕಳಿಸಲು ಅನುಮತಿ ಬೇಕಿತ್ತು, ಒಂದೊಂದು ಪಾವತಿಗೆ ಏಳು ತಿಂಗಳವರೆಗೂ ಕಾಯಬೇಕಾಯಿತು. ಸರ್ಕಾರಿ ಕಚೇರಿಗೆ ಒಮ್ಮೆಯಾದರೂ ಅಲೆದವರಿಗೆ ಈ ಬಗೆಯ ಕತ್ತು ಹಿಸುಕುವಿಕೆ ಗೊತ್ತು. ಯಾರೂ ‘ಆಗುವುದಿಲ್ಲ’ ಎನ್ನುವುದಿಲ್ಲ. ‘ನಾಳೆ ಬನ್ನಿ’ ಎನ್ನುತ್ತಾರೆ. ಆಗುವುದಿಲ್ಲ ಎಂದಿದ್ದರೆ ಕೋರ್ಟಿಗಾದರೂ ಹೋಗಬಹುದಿತ್ತು.

2016ರ ಆಗಸ್ಟಿನಲ್ಲಿ ಹಿಮಾಲ್ ತನ್ನ ಓದುಗರಿಗೆ ವಿಷಯ ತಿಳಿಸಿತು. 29 ವರ್ಷಗಳ ಪ್ರಕಟಣೆಯನ್ನು ನವೆಂಬರಿನಿಂದ ನಿಲ್ಲಿಸುತ್ತಿದ್ದೇವೆ, ನೇರ ದಾಳಿಯಾಗಲಿ ಸೆನ್ಸಾರ್ ಆಗಲಿ ಇಲ್ಲದೆ ಆಡಳಿತ ಯಂತ್ರದ ಅಸಹಕಾರವೇ ನಮ್ಮ ಬಾಯಿ ಕಟ್ಟಿಸಿತು ಎಂಬುದು ಆ ಹೇಳಿಕೆಯ ಸಾರ.

ಈಗ ತಾರೀಖು ನೋಡಿ. 2016ರ ನವೆಂಬರ್. ಸಾರ್ಕ್‌ನ 19ನೆಯ ಶೃಂಗಸಭೆ ಇಸ್ಲಾಮಾಬಾದಿನಲ್ಲಿ ನಡೆಯಬೇಕಿದ್ದದ್ದೂ ಅದೇ ತಿಂಗಳು. ಸೆಪ್ಟೆಂಬರ್ 18ರಂದು ಉರಿಯ ಸೇನಾ ನೆಲೆಯ ಮೇಲೆ ದಾಳಿಯಾಯಿತು. ತಿಂಗಳ ಕೊನೆಯಲ್ಲಿ ಭಾರತ ಸಭೆಗೆ ಬರುವುದಿಲ್ಲ ಎಂದಿತು, ಇತರ ದೇಶಗಳೂ ಹಿಂದೆ ಸರಿದವು, ಸಭೆ ರದ್ದಾಯಿತು. 1987ರಲ್ಲೇ ಹುಟ್ಟಿದ ಕಚೇರಿಯೂ ಪತ್ರಿಕೆಯೂ ಒಂದೇ ತಿಂಗಳಲ್ಲಿ ಕೈಚೆಲ್ಲಿದವು. ಇದು ಕಾಕತಾಳೀಯ, ಬೇರೇನೂ ಅಲ್ಲ. ಆದರೆ ಮುಂದೆ ಎರಡೂ ಏನು ಮಾಡಿದವು ಎಂಬುದು ಕಾಕತಾಳೀಯವಲ್ಲ.

ಲೋಕಮಾನ್ ಸಿಂಗ್ ಕಾರ್ಕಿ ಅವರ ವಿರುದ್ಧ ಅದೇ ವರ್ಷದ ಅಕ್ಟೋಬರಿನಲ್ಲಿ ಸಂಸತ್ತಿನಲ್ಲಿ ಮಹಾಭಿಯೋಗದ ನಿರ್ಣಯ ಬಂತು. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, ಅವರಿಗೆ ಆ ಹುದ್ದೆಗೆ ಬೇಕಾದ ಅರ್ಹತೆಯೇ ಇರಲಿಲ್ಲ ಎಂದು ತೀರ್ಪು ಕೊಟ್ಟಿತು. ಅಷ್ಟರಲ್ಲಿ ಪತ್ರಿಕೆ ನಿಂತಾಗಿತ್ತು.

ನಕ್ಷೆಯ ನೆತ್ತಿಗೆ

2018ರಲ್ಲಿ ಹಿಮಾಲ್ ಮತ್ತೆ ಕಣ್ಣು ತೆರೆಯಿತು, ಕೊಲಂಬೊದಲ್ಲಿ. ತನ್ನದೇ ನಕ್ಷೆಯ ಬುಡದಿಂದ ನೆತ್ತಿಗೆ ಹತ್ತಿದ ಹಾಗೆ. ಈ ಸಲ ಕಾಗದವಿಲ್ಲ. ಅದು ಅಂತರ್ಜಾಲದ ಪತ್ರಿಕೆ.

ಆರಿಸಿಕೊಂಡ ಊರಿನ ಚರಿತ್ರೆ ಮೃದುವಾದುದೇನಲ್ಲ. 2009ರ ಜನವರಿ 8ರ ಬೆಳಿಗ್ಗೆ ‘ಸಂಡೇ ಲೀಡರ್’ ಪತ್ರಿಕೆಯ ಸಂಪಾದಕ ಲಸಂತ ವಿಕ್ರಮತುಂಗ ಕಚೇರಿಗೆ ಕಾರಿನಲ್ಲಿ ಹೋಗುತ್ತಿದ್ದಾಗ ಅವರನ್ನು ಕೊಂದದ್ದು ಕೊಲಂಬೊದ ಹೊರವಲಯದಲ್ಲೇ. ಮರುವರ್ಷ ವ್ಯಂಗ್ಯಚಿತ್ರಕಾರ ಪ್ರಗೀತ್ ಎಕ್ನಲಿಗೊಡ ಕಾಣೆಯಾದರು, ಮರಳಲಿಲ್ಲ. ಆದರೆ 2015ರ ಚುನಾವಣೆಯ ಬಳಿಕ ಅಲ್ಲಿ ಉಸಿರಾಟ ಸ್ವಲ್ಪ ಸಲೀಸಾಗಿತ್ತು. 2016ರಲ್ಲಿ ಮಾಹಿತಿ ಹಕ್ಕಿನ ಕಾನೂನೂ ಬಂದಿತ್ತು. ನೇಪಾಳದಲ್ಲಿ ಬಾಗಿಲು ಮುಚ್ಚಿದಾಗ ಲಂಕೆಯಲ್ಲಿ ಕಿಟಕಿ ತೆರೆದಿತ್ತು. ದಕ್ಷಿಣ ಏಷ್ಯಾದಲ್ಲಿ ಪತ್ರಿಕಾ ಸ್ವಾತಂತ್ರ್ಯ ಎಂಬುದು ಮುಂಗಾರಿನ ಮೋಡದ ಹಾಗೆ, ಒಂದೇ ಕಡೆ ನಿಲ್ಲುವುದಿಲ್ಲ. ಹಿಮಾಲ್ ಅದನ್ನು ಹಿಂಬಾಲಿಸಿ ಹೋಯಿತು ಅಷ್ಟೆ.

ಅಂತರ್ಜಾಲ ಅದಕ್ಕೆ ಕೊಟ್ಟದ್ದು ಬಹಳ. ಕಸ್ಟಮ್ಸ್ ಕಟ್ಟೆಗಳು ಒಂದೇಟಿಗೆ ಮಾಯವಾದವು. ಕರಾಚಿಯ ಓದುಗನೂ ಕಲಬುರಗಿಯ ಓದುಗಳೂ ಒಂದೇ ಕ್ಷಣದಲ್ಲಿ ಒಂದೇ ಲೇಖನ ತೆರೆಯಬಹುದಾಯಿತು. ಹಳೆಯ ಸಂಚಿಕೆಗಳು ಪರದೆಗೆ ಬಂದವು. ದೀರ್ಘ ಲೇಖನಗಳ ಜೊತೆಗೆ ಪಾಡ್‌ಕಾಸ್ಟ್, ಪುಸ್ತಕ ವಿಮರ್ಶೆಗೆಂದೇ ಒಂದು ವಿಭಾಗ, ಸಾಕ್ಷ್ಯಚಿತ್ರಗಳ ಪ್ರದರ್ಶನ ಸೇರಿಕೊಂಡವು. ‘ಕ್ಯಾರವಾನ್’ ಪತ್ರಿಕೆಯಲ್ಲಿ ಪಳಗಿದ ರೋಮನ್ ಗೌತಮ್ ಸಂಪಾದಕರಾದರು. ಓದುಗರ ಸದಸ್ಯತ್ವದ ಹಣ ಕೇಳುವ ಪದ್ಧತಿಯೂ ಬಂತು. ಅಂತರ್ಜಾಲ ಗಡಿಯನ್ನು ಅಳಿಸಿತು, ಖರ್ಚನ್ನು ಅಳಿಸಲಿಲ್ಲ.

ಹೊಸ ಊರು ಸುಮ್ಮನೆ ಕೂರಲೂ ಬಿಡಲಿಲ್ಲ. 2019ರ ಏಪ್ರಿಲ್ 21ರ ಈಸ್ಟರ್ ಭಾನುವಾರದ ಬಾಂಬ್ ದಾಳಿಗಳು. ಅದರ ಬೆನ್ನಿಗೇ ಸಾಮಾಜಿಕ ಜಾಲತಾಣಗಳಿಗೆ ತಡೆ. 2022ರಲ್ಲಿ ದೇಶವೇ ದಿವಾಳಿ. ದಿನಕ್ಕೆ 13 ಗಂಟೆಯವರೆಗೂ ಕರೆಂಟ್ ಇಲ್ಲ, ಪೆಟ್ರೋಲಿಗೆ ಮೈಲುದ್ದದ ಸಾಲು. ಜುಲೈ 9ರಂದು ಜನ ಅಧ್ಯಕ್ಷರ ಮನೆಗೆ ನುಗ್ಗಿದರು. ನಾಲ್ಕು ದಿನಗಳ ಬಳಿಕ ಗೋಟಬಯ ರಾಜಪಕ್ಸ ದೇಶ ಬಿಟ್ಟರು. 2024ರ ಆಗಸ್ಟ್ 5ರಂದು ಢಾಕಾದಲ್ಲಿ ವಿದ್ಯಾರ್ಥಿಗಳ ಹೋರಾಟಕ್ಕೆ ಮಣಿದು ಪ್ರಧಾನಿ ಶೇಖ್ ಹಸೀನಾ ಭಾರತಕ್ಕೆ ಹಾರಿಬಂದರು. 2025ರ ಸೆಪ್ಟೆಂಬರಿನಲ್ಲಿ ಸಾಮಾಜಿಕ ಜಾಲತಾಣಗಳ ನಿಷೇಧದ ವಿರುದ್ಧ ಕಠ್ಮಂಡುವಿನ ಹುಡುಗರು ಬೀದಿಗಿಳಿದರು. ಗುಂಡೇಟಿಗೆ ಜನ ಸತ್ತರು, ಸರ್ಕಾರ ಬಿತ್ತು, ಆಡಳಿತ ಕೇಂದ್ರವಾದ ಸಿಂಹ ದರ್ಬಾರ್ ಹೊತ್ತಿ ಉರಿಯಿತು, ದೇಶದ ದೊಡ್ಡ ಪತ್ರಿಕಾ ಸಂಸ್ಥೆಯೊಂದರ ಕಟ್ಟಡವೂ ಬೆಂಕಿಗೆ ತುತ್ತಾಯಿತು.

ಮೂರು ರಾಜಧಾನಿಗಳು, ನಾಲ್ಕು ವರ್ಷಗಳು. ಕೆಲಸ ಸಿಗದ ಯುವಕರು, ಅಧಿಕಾರ ಬಿಡದ ಮನೆತನಗಳು ಮತ್ತು ಪಕ್ಷಗಳು, ಕೈಯಲ್ಲೊಂದು ಮೊಬೈಲ್. ಆಯಾ ದೇಶದ ಪತ್ರಿಕೆಗೆ ಅದು ಆಯಾ ದೇಶದ ದಂಗೆ. ಮೂರನ್ನೂ ಒಂದೇ ಮೇಜಿನ ಮೇಲೆ ಹರಡಿ ನೋಡುವವರು ಯಾರು? 1992ರಲ್ಲಿ ಝಾಪಾದ ಬಿದಿರು ಗುಡಿಸಲುಗಳ ಮುಂದೆ ಎದ್ದ ಪ್ರಶ್ನೆಯೇ ಇದು.

ಹಿಮಾಲ್‌ಗೆ ಮಿತಿಗಳಿಲ್ಲವೆಂದಲ್ಲ. ಅದು ಇಂಗ್ಲಿಷ್ ಪತ್ರಿಕೆ. ಸುಮಾರು 200 ಕೋಟಿ ಜನರ ಈ ಪ್ರದೇಶದಲ್ಲಿ ಇಂಗ್ಲಿಷಿನಲ್ಲಿ ದೀರ್ಘ ಲೇಖನ ಓದುವವರು ಹಿಡಿಯಷ್ಟು. ಕನ್ನಡದ ಓದುಗನಿಗೂ ಸಿಂಹಳದ ಓದುಗನಿಗೂ ನಡುವೆ ಅದು ಕಟ್ಟಿದ ಸೇತುವೆ ಇಬ್ಬರ ಮನೆಯ ಅಂಗಳವನ್ನೂ ಮುಟ್ಟುವುದಿಲ್ಲ. ಆ ಕೊನೆಯ ನಾಲ್ಕು ಹಲಗೆಗಳನ್ನು ಹಾಕಬೇಕಾದವರು ಕನ್ನಡದ, ಸಿಂಹಳದ, ಬಾಂಗ್ಲಾದ, ಉರ್ದುವಿನ ಪತ್ರಿಕೆಗಳು. ನಮ್ಮ ಸಂಪಾದಕರು ವಾರಕ್ಕೊಂದು ಪುಟವನ್ನಾದರೂ ನೆರೆದೇಶಗಳಿಗೆ, ಕ್ರಿಕೆಟ್ಟು ಮತ್ತು ಗುಂಡಿನ ಕಾಳಗಗಳಾಚೆಗೆ, ಮೀಸಲಿಟ್ಟರೆ ಓದುಗರು ಬೇಡವೆನ್ನುವುದಿಲ್ಲ.

ಬೆಂಗಳೂರಿನ ಒಪ್ಪಂದದಿಂದ ಹುಟ್ಟಿದ ಸಾರ್ಕ್ ಸಚಿವಾಲಯ ಕಠ್ಮಂಡುವಿನ ತ್ರಿದೇವಿ ಮಾರ್ಗದಲ್ಲಿ ಇಂದಿಗೂ ಇದೆ. ಅದರ ಕೊನೆಯ ಶೃಂಗಸಭೆ ನಡೆದದ್ದು 2014ರ ನವೆಂಬರಿನಲ್ಲಿ, ಅದೇ ಊರಿನಲ್ಲಿ. ಆ ಬಳಿಕ ಒಂದೂ ಶೃಂಗಸಭೆ ನಡೆದಿಲ್ಲ. ನಡುವೆ ನಿಂತಿದ್ದ ಪತ್ರಿಕೆ ಊರು ಬಿಟ್ಟು, ಕಾಗದ ಬಿಟ್ಟು, ಮತ್ತೆ ಹೊರಬಂತು.